ಚರ್ಚಿನಲ್ಲಿ ಪೂಜೆಗೆಂದು ಕೊಡುವ ಕಾಣಿಕೆ ಪಾದ್ರಿಗಳಿಗೇ ಸೇರುತ್ತದೆಯೇ?

ಸೇರುತ್ತದೆ, ಆದರೆ ದಿನಕ್ಕೆ ಒಂದು ಪೂಜೆಯದು ಮಾತ್ರ. ಕಥೋಲಿಕ ಗುರುಗಳು ಅದೇ ದಿನ ಎರಡನೆಯ, ಮೂರನೆಯ ಪೂಜೆ ಅರ್ಪಿಸಿದರೆ ಆ ಕಾಣಿಕೆ ಬಿಷಪರು ಗೊತ್ತುಮಾಡಿದ ಕಾರ್ಯಕ್ಕೆ ಹೋಗಬೇಕು. ಕ್ರಿಸ್‌ಮಸ್ ಒಂದೇ ಇದಕ್ಕೆ ಅಪವಾದ.

ಕಾಣಿಕೆ ಗುರುಗಳ ಜೀವನಕ್ಕೆ ಆಸರೆಯೇ ಹೊರತು ಪೂಜೆಯ ಬೆಲೆಯಲ್ಲ ಎಂಬುದು ಇದರ ಹಿಂದಿನ ವಿಚಾರ. ಪೂಜೆಗಿಷ್ಟು ಎಂದು ಎಣಿಸಿಕೊಳ್ಳಲು ಬಿಟ್ಟರೆ ಪೂಜೆಗಳ ಸಂಖ್ಯೆ ಹಣಕ್ಕಾಗಿಯೇ ಬೆಳೆಯುತ್ತದೆ. ವ್ಯಾಪಾರದ ವಾಸನೆಯೂ ಸುಳಿಯಬಾರದು ಎನ್ನುತ್ತದೆ 1983ರ ಧರ್ಮಸಭಾ ಕಾನೂನು, ಅಂದರೆ ಕಥೋಲಿಕ ಚರ್ಚಿನ ನಿಯಮಸಂಹಿತೆ. ಮೊತ್ತವನ್ನು ಆ ಪ್ರಾಂತ್ಯದ ಬಿಷಪರು ಸೇರಿ ನಿಗದಿ ಮಾಡುತ್ತಾರೆ. ಗುರುಗಳು ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಭಕ್ತರು ತಾವಾಗಿ ಕೊಟ್ಟರೆ ತೆಗೆದುಕೊಳ್ಳಬಹುದು. ಏನೂ ಕೊಡಲಾಗದ ಬಡವರ ಕೋರಿಕೆಗೂ ಪೂಜೆ ಅರ್ಪಿಸುವಂತೆ ಅದೇ ಕಾನೂನು ಗುರುಗಳಿಗೆ ಬಲವಾಗಿ ಸಲಹೆ ಮಾಡುತ್ತದೆ.

ಗೊಂದಲವಾಗುವುದು ಸಾಮಾನ್ಯವಾಗಿ ಲೆಕ್ಕದಲ್ಲಿ. ಒಂದು ಕಾಣಿಕೆಗೆ ಒಂದು ಪೂಜೆ ಎಂಬುದು ಮೂಲ ನಿಯಮ. ಹತ್ತು ಜನರ ಕೋರಿಕೆಯನ್ನು ಒಂದೇ ಪೂಜೆಗೆ ಸೇರಿಸಬೇಕಾದರೆ ಕೊಟ್ಟವರ ಒಪ್ಪಿಗೆ ಬೇಕು, ಆಗಲೂ ಗುರುಗಳಿಗೆ ಉಳಿಯುವುದು ಒಂದು ಕಾಣಿಕೆಯಷ್ಟೇ. ಮರೆವಿಗೆ ಮದ್ದಾಗಿ ಪ್ರತಿ ಚರ್ಚಿನಲ್ಲೂ ಒಂದು ದಾಖಲೆ ಪುಸ್ತಕ ಇರಬೇಕು: ಎಷ್ಟು ಪೂಜೆ, ಯಾವ ಕೋರಿಕೆ, ಎಷ್ಟು ಕಾಣಿಕೆ, ಪೂಜೆ ಆಯಿತೇ ಎಂಬುದೆಲ್ಲ ಅದರಲ್ಲಿ. ಒಂದು ವರ್ಷದೊಳಗೆ ತಾವೇ ತೀರಿಸಲಾಗದಷ್ಟು ಕೋರಿಕೆ ಒಪ್ಪಿಕೊಳ್ಳುವಂತಿಲ್ಲ.

ಇನ್ನೊಂದು ಮಾತು, ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಪ್ರತಿ ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು (ಭಕ್ತರು ಪೂಜೆಗೆ ಬರಲೇಬೇಕಾದ ಹಬ್ಬಗಳು) ಚರ್ಚಿನ ಮುಖ್ಯಗುರು ಒಂದು ಪೂಜೆಯನ್ನು ತಮ್ಮ ಊರಿನ ಭಕ್ತರೆಲ್ಲರಿಗಾಗಿ, ಯಾವ ಕಾಣಿಕೆಯೂ ಇಲ್ಲದೆ ಅರ್ಪಿಸಲೇಬೇಕು.