ಮನೆಯಾಕೆಗೆ ಗೊತ್ತಿಲ್ಲದ ಸಾಲ

(ಉತ್ತರಿಸುವವರು ಪತ್ತಿನ ಸಹಕಾರಿ ಸಂಘವೊಂದರ ಕ್ಯಾಶ್ ಕೌಂಟರಿನಲ್ಲಿ 30 ವರ್ಷ ಕೆಲಸ ಮಾಡಿ ನಿವೃತ್ತರಾದವರು.)

ಪ್ರಶ್ನೆ: ಅಕ್ಕಾ, ನಾನು ಹುಬ್ಬಳ್ಳಿ ಗೋಕುಲ ರಸ್ತೆ ಕಡೆ ಒಂದು ವರ್ಕ್‌ಶಾಪಿನಲ್ಲಿದ್ದೇನೆ. ಪಗಾರ ಕೈಗೆ 24,000. ಮನೆ ಬಾಡಿಗೆ 6,000. ಬೈಕಿಗೆ 60,000 ಸಾಲ ಮಾಡಿದ್ದೆ, 2 ವರ್ಷಕ್ಕೆ. ಕಂತು 3,100, ಇನ್ನೂ 9 ಉಳಿದಿವೆ. ಕ್ರೆಡಿಟ್ ಕಾರ್ಡಿನಲ್ಲಿ 48,000 ಬಾಕಿ. ತಿಂಗಳಿಗೆ ಮಿನಿಮಮ್ 2,400 ಕಟ್ಟುತ್ತೇನೆ, ಬಾಕಿ ಇಳಿಯುತ್ತಲೇ ಇಲ್ಲ. ಮೊಬೈಲ್ ಆ್ಯಪಿನಲ್ಲಿ ಒಂದು ಲಕ್ಷ ತೆಗೆದು ಎಲ್ಲ ತೀರಿಸಿಬಿಡೋಣ ಅನಿಸುತ್ತಿದೆ. ಕಾರ್ಡಿನ ವಿಷಯ ಮನೆಯಾಕೆಗೆ ಗೊತ್ತಿಲ್ಲ. ಏನು ಮಾಡಲಿ?

ಉತ್ತರ: ತಮ್ಮಾ, ಬಾಕಿ ಯಾಕೆ ಇಳಿಯುತ್ತಿಲ್ಲ ಅಂತ ಮೊದಲು ನೋಡೋಣ. ಕಾರ್ಡಿನ ಬಡ್ಡಿ ಬಹಳ ಕಡೆ ತಿಂಗಳಿಗೆ ನೂರಕ್ಕೆ ಮೂರೂವರೆ ಇರುತ್ತದೆ. ನಿಮ್ಮದೂ ಅಷ್ಟೇ ಇದ್ದರೆ 48,000ಕ್ಕೆ 1,680 ಆಯಿತು. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಸುಮಾರು 302. ನೀವು ಕಟ್ಟುವ 2,400ರಲ್ಲಿ ಅಸಲಿಗೆ ಸೇರುವುದು 418 ರೂಪಾಯಿ ಮಾತ್ರ. ಹಳೆ ಬಾಕಿ ಇಟ್ಟುಕೊಂಡು ಅದೇ ಕಾರ್ಡಿನಲ್ಲಿ ಹೊಸದೇನಾದರೂ ಕೊಂಡರೆ, ಅದಕ್ಕೆ ಕೊಂಡ ದಿನದಿಂದಲೇ ಬಡ್ಡಿ. ನಡುವೆ ಎರಡು ಸಲ ಪೆಟ್ರೋಲ್ ಹಾಕಿಸಿದರೆ ಆ 418 ಕೂಡ ಹೋಯಿತು.

ಆ್ಯಪಿನ ಸಾಲ ಬೇಡ. ನಿಮಗೆ ಬೇಕಿರುವುದು 48,000, ಅವರು ಕೊಡುತ್ತಿರುವುದು ಒಂದು ಲಕ್ಷ. ಉಳಿದ ರೊಕ್ಕ ಸುಮ್ನೆ ಕೂರುವುದಿಲ್ಲ. ಯಾರ ಹತ್ತಿರ ಸಾಲ ಕೇಳಿದರೂ ಸಹಿ ಹಾಕುವ ಮೊದಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರ ಬರೆದ ಪತ್ರ ಕೇಳಿ. 2024ರ ಅಕ್ಟೋಬರಿನಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಅದನ್ನು ಕೊಡಲೇಬೇಕು, ಅದೂ ನಿಮಗೆ ತಿಳಿಯುವ ಭಾಷೆಯಲ್ಲಿ. ಅದರಲ್ಲಿ ಎಪಿಆರ್ ಅಂತ ವರ್ಷದ ಒಟ್ಟು ದರ ಇರುತ್ತದೆ. ಆ ಅಂಕಿ ನೋಡಿ, ಬಾಯಿಮಾತಿನ ಬಡ್ಡಿ ನಂಬಬೇಡಿ. ನಿಮ್ಮ ಬೈಕಿಗೆ 12 ಪರ್ಸೆಂಟ್ ಫ್ಲ್ಯಾಟ್ (ಕಂತು ಕಟ್ಟುತ್ತ ಹೋದರೂ ಪೂರ್ತಿ 60,000ಕ್ಕೇ ಬಡ್ಡಿ) ಅಂದಿರಬೇಕು, ಯಾಕೆಂದರೆ ಲೆಕ್ಕ ಸರಿಯಾಗಿ 3,100ಕ್ಕೇ ಬರುತ್ತದೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು 21 ಪರ್ಸೆಂಟ್ ದಾಟುತ್ತದೆ.

ಇನ್ನು ಮನೆಯಾಕೆಯ ವಿಷಯ. ನಮ್ಮಪ್ಪ ಬೆಟಗೇರಿಯಲ್ಲಿ ಮಗ್ಗ ನೇಯುತ್ತಿದ್ದರು. ಮಾಲೀಕರ ಹತ್ತಿರ ಮುಂಗಡ ತೆಗೆದುಕೊಂಡಿದ್ದರು, ಅವ್ವನಿಗೆ ಹೇಳಿರಲಿಲ್ಲ. ಮಜೂರಿ ಕಡಿಮೆ ಬಂದ ವಾರ ಏನೋ ಒಂದು ನೆವ ಹೇಳುತ್ತಿದ್ದರು. ಅವ್ವ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಿದ್ದಳು, ಅಪ್ಪನಿಗೆ ಹೇಳುತ್ತಿರಲಿಲ್ಲ. ಒಂದು ಸಂಜೆ ಎಣ್ಣೆಗೆ ಅಂತ ಬಾಟಲಿ ಹಿಡಿದು ಹೋದವಳು ನಾನು. ಅಂಗಡಿಯವರು ಬಾಟಲಿ ತೆಗೆದುಕೊಳ್ಳಲೇ ಇಲ್ಲ, ಖಾಲಿ ಬಾಟಲಿ ಮನೆಗೆ ತಂದೆ. ಅವತ್ತು ರಾತ್ರಿ ಇಬ್ಬರೂ ನನ್ನ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಮ್ಮ ತಮ್ಮ ಸಾಲ ಬರೆಸಿದರು. ಅಪ್ಪನದು 1,100, ಅವ್ವನದು 240. ನಾನು ಕೂಡಿಸಿ ಹೇಳಿದೆ. ಅವ್ವ ಅಪ್ಪನ ಕಡೆ ನೋಡಿ, "ಇದಕ್ಕೇನ್ರಿ ನೀವು ರಾತ್ರಿ ಎದ್ದೆದ್ದು ಕುಂಡ್ರತಿದ್ದದ್ದು?" ಅಂದಳು. ತೀರಿಸಲು ಎರಡು ವರ್ಷ ಬೇಕಾಯಿತು. ಪ್ರತಿ ವಾರ ಆ ಪುಟದಲ್ಲಿ ಕಳೆಯುವ ಲೆಕ್ಕ ನಾನೇ ಮಾಡುತ್ತಿದ್ದೆ.

ಇವತ್ತು ಊಟ ಆದ ಮೇಲೆ ಕಾರ್ಡಿನ ಬಿಲ್ಲು ಮನೆಯಾಕೆಯ ಮುಂದಿಡಿ. ಸಿಟ್ಟಾಗುತ್ತಾರೆ, ಆಗಲಿ. ಬ್ಯಾಂಕಿನವರನ್ನು ಕೇಳಿದರೆ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ಬದಲಾಯಿಸಿ ಕೊಡುವುದುಂಟು. ಬಡ್ಡಿ, ಫೀಸು ಎಲ್ಲ ಸೇರಿ ಒಟ್ಟು ಎಷ್ಟಾಗುತ್ತದೆ ಅಂತ ಕೇಳಿ ಬರೆದುಕೊಳ್ಳಿ. ಬ್ಯಾಂಕಿನ ಬಂಗಾರದ ಸಾಲದ ಬಡ್ಡಿ ಕಾರ್ಡಿನದಕ್ಕಿಂತ ಬಹಳ ಕಡಿಮೆ, ನಿಜ. ಆದರೆ ಬಂಗಾರ ಮನೆಯಾಕೆಯದು. ಆ ಮಾತು ಅವರ ಬಾಯಿಂದ ಬಂದರೆ ಸರಿ, ನೀವಾಗಿ ಕೇಳಬೇಡಿ. ಕಾರ್ಡು ಅವರ ಕೈಗೆ ಕೊಡಿ, ಫೋನಿನಲ್ಲಿ ಉಳಿಸಿಟ್ಟ ಅದರ ನಂಬರನ್ನೂ ಅಳಿಸಿ. 2,400 ಇದ್ದದ್ದನ್ನು ಹೇಗಾದರೂ 4,000 ಮಾಡಿ. 9 ತಿಂಗಳಾದ ಮೇಲೆ ಬೈಕಿನ 3,100 ಉಳಿಯುತ್ತದಲ್ವಾ, ಅದೂ ನೇರವಾಗಿ ಕಾರ್ಡಿಗೇ ಹೋಗಲಿ. ಅಲ್ಲಿಯವರೆಗೆ ಹೊಸ ಕಂತು ಯಾವುದೂ ಬೇಡ, ಹಬ್ಬಕ್ಕೂ ಬೇಡ.

ಪ್ರಶ್ನೆ: ಜೊತೆಗೆ ಕೆಲಸ ಮಾಡುವವರು 3 ಲಕ್ಷ ಸಾಲಕ್ಕೆ ನನ್ನ ಜಾಮೀನು ಕೇಳುತ್ತಿದ್ದಾರೆ. "ಸುಮ್ನೆ ಒಂದು ಸಹಿ" ಅನ್ನುತ್ತಾರೆ. ಇಲ್ಲ ಅಂತ ಹೇಗೆ ಹೇಳಲಿ? – ಗದಗದ ಓದುಗಿ

ಉತ್ತರ: ಸುಮ್ನೆ ಸಹಿ ಅಂತ ಯಾವುದೂ ಇಲ್ಲ ತಂಗಿ. 1872ರ ಕರಾರು ಕಾಯ್ದೆಯ ಪ್ರಕಾರ ಸಾಲಗಾರನಷ್ಟೇ ಹೊಣೆ ಜಾಮೀನುದಾರರಿಗೂ ಇರುತ್ತದೆ. ಬೇರೆಯವರ ಸಾಲ ಕಟ್ಟಲು ಬರುವವರು ನಮ್ಮ ಕೌಂಟರ್ ಮುಚ್ಚುವ ಹೊತ್ತಿಗೆ ಬರುತ್ತಿದ್ದರು, ಯಾರೂ ನೋಡಬಾರದು ಅಂತ. ನಾನೂ ಒಂದು ಸಲ ಗೆಳತಿಗೆ ಸಹಿ ಹಾಕಿ ಮೂರು ವರ್ಷ ನನ್ನ ಪಗಾರದಲ್ಲಿ ಕಟ್ಟಿದ್ದೇನೆ. ರೊಕ್ಕಕ್ಕಿಂತ ಜಾಸ್ತಿ ನೋವಾಗಿದ್ದು ಆಕೆ ಮಾತು ಬಿಟ್ಟಿದ್ದಕ್ಕೆ.

"ಮನೆಯವರು ಒಪ್ಪಲ್ಲ" ಅಂತ ಗಂಡನ ಮೇಲೆ ಹಾಕಬೇಡಿ. "ಅಷ್ಟು ರೊಕ್ಕ ಕಟ್ಟೋ ಶಕ್ತಿ ನನಗಿಲ್ಲ, ಅದಕ್ಕೆ ಸಹಿ ಹಾಕಲ್ಲ" ಅಂತ ನೀವೇ ಹೇಳಿ. ಮರುದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅವರ ಪಕ್ಕದಲ್ಲೇ ಕೂತುಕೊಳ್ಳಿ.