ದೊಡ್ಡ ಬೇಟೆಗೆ ಯಾವ ರಿವಾಲ್ವರ್?

ಓದುಗರ ಪ್ರಶ್ನೆ, ಕೋವಿ ಅಂಗಡಿಯ ಉತ್ತರ

ಪ್ರಶ್ನೆ: ನಾನು ಕೊಪ್ಪ ಕಡೆಯವನು. ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆಫೀಸಿನ ಗೆಳೆಯನಿಗೆ ಊರಾಚೆ ದೊಡ್ಡ ಜಮೀನಿದೆ. ಅಲ್ಲಿ ಕಾಡುಹಂದಿ ಕಾಟ ವಿಪರೀತ. ಅವನು ಹಂದಿ, ಜಿಂಕೆ ಎಲ್ಲವನ್ನೂ ರಿವಾಲ್ವರ್‌ನಲ್ಲೇ ಹೊಡೆಯುತ್ತಾನೆ. ಮುಂದಿನ ವರ್ಷ ಕೊಲರಾಡೋಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೂ ಬಾ ಅಂದಿದ್ದಾನೆ. ಊರಲ್ಲಿ ಅಪ್ಪನ ಜೋಡು ನಳಿಗೆ ಕೋವಿ ಹಿಡಿದು ಗೊತ್ತೇ ಹೊರತು ನನಗೆ ರಿವಾಲ್ವರ್ ಗೊತ್ತಿಲ್ಲ. .500 ಮ್ಯಾಗ್ನಮ್ ತಗೊಂಡರೆ ಎಲ್ಲದಕ್ಕೂ ಆಗುತ್ತದೆ ಅಂತ ಅಲ್ಲಿನ ಅಂಗಡಿಯವರು ಹೇಳುತ್ತಾರೆ. ತಗೊಳ್ಳಲಾ?

ಉತ್ತರ: ಬೇಡ. .44 ಮ್ಯಾಗ್ನಮ್ ತಗೊಳ್ಳಿ. ನಳಿಗೆ ಏಳೂವರೆ ಇಂಚಿನದ್ದಿರಲಿ, ಕೈಗೆ ಸ್ವಲ್ಪ ಭಾರವೇ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ. .44, .500 ಅನ್ನುವುದು ಕ್ಯಾಲಿಬರ್, ಅಂದರೆ ಹೆಚ್ಚುಕಡಿಮೆ ಗುಂಡಿನ ದಪ್ಪ, ಇಂಚಿನಲ್ಲಿ. ಮ್ಯಾಗ್ನಮ್ ಅಂದರೆ ಜೋರು ಜಾಸ್ತಿ ಇರುವ ತೋಟಾ.

ಅದಕ್ಕೂ ಮೊದಲು ಕಾನೂನು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದೂ ಅಪರಾಧ. ಕೆಲವು ವಿನಾಯಿತಿಗಳಿವೆ. ನಿಮಗೆ ಉಪಯೋಗಕ್ಕೆ ಬರುವುದು ಒಂದು: ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಟೆಕ್ಸಾಸ್‌ನಲ್ಲಿ 2019ರಿಂದ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಕಾಡುಹಂದಿಗೆ ಲೈಸೆನ್ಸ್ ಬೇಕಿಲ್ಲ. ಅದನ್ನೇ ನಂಬಿಕೊಂಡು ನಿಮ್ಮ ಗೆಳೆಯ ‘ಲೈಸೆನ್ಸ್ ಯಾಕೆ, ಸುಮ್ನೆ ಬಾ’ ಅನ್ನಬಹುದು. ಅವನಿಗೆ ಬೇಡ, ನಿಮಗೆ ಬೇಕು. ಲೈಸೆನ್ಸ್ ಅವಧಿ ಮುಗಿದ ಮರುದಿನ ನಿಮ್ಮ ಮನೆಯಲ್ಲಿ ರಿವಾಲ್ವರ್ ಇದ್ದರೆ ಅದೇ ಅಪರಾಧ. ಒಂದು ಪ್ರಾಣಿಯ ಆಸೆಗೆ ವೀಸಾ, ಕೆಲಸ ಎರಡನ್ನೂ ಕಳೆದುಕೊಳ್ಳಬೇಡಿ. ವಲಸೆ ಕಾನೂನು ಗೊತ್ತಿರುವ ಅಲ್ಲಿನ ವಕೀಲರನ್ನು ಒಮ್ಮೆ ಕೇಳಿಯೇ ಮುಂದೆ ಹೋಗಿ. ಲೈಸೆನ್ಸ್‌ಗೆ ಹೋದಾಗ ಹಂಟರ್ ಎಜುಕೇಶನ್ ಕೋರ್ಸ್ ಕೇಳುತ್ತಾರೆ. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರಿಗೆ ಅದು ಕಡ್ಡಾಯ. ಅದನ್ನು ಮನಸ್ಸಿಟ್ಟು ಮಾಡಿ, ತುಂಬ ಚೆನ್ನಾಗಿ ಕಲಿಸುತ್ತಾರೆ.

ಈಗ ರಿವಾಲ್ವರ್ ವಿಷಯ. ಮಗಳ ಮನೆಗೆ ಅಮೆರಿಕಕ್ಕೆ ಹೋಗಿದ್ದಾಗ, ಇದೇ ಕಾನೂನಿನ ಕಾರಣ ಮೊದಲು ಹಂಟಿಂಗ್ ಲೈಸೆನ್ಸ್ ಮಾಡಿಸಿಕೊಂಡೇ ಅಲ್ಲಿನ ಗುರಿ ಅಭ್ಯಾಸದ ರೇಂಜಿಗೆ ಹೋಗಿದ್ದೆ. .44, .454, .500 ಮೂರನ್ನೂ ಹೊಡೆದು ನೋಡಿದ್ದೇನೆ. ಶಿವಮೊಗ್ಗದ ಅಂಗಡಿಯಲ್ಲಿ ಕೂತು ಜೀವಮಾನವೆಲ್ಲ ಹನ್ನೆರಡು ಬೋರಿನ ಕೋವಿ ಬಿಚ್ಚಿ ಜೋಡಿಸಿದವನಿಗೂ ಅದು ಹೊಸ ಲೋಕ.

.44 ಮ್ಯಾಗ್ನಮ್ ಬಂದಿದ್ದು 1955ರಲ್ಲಿ. ಅದರ ಹಿಂದೆ ಎಲ್ಮರ್ ಕೀತ್ ಎಂಬ ಬೇಟೆಗಾರನ ವರ್ಷಗಟ್ಟಲೆಯ ಒತ್ತಾಯ ಇತ್ತು. ಸಾಮಾನ್ಯ ತೋಟಾದಲ್ಲಿ 240 ಗ್ರೇನ್, ಅಂದರೆ ಹದಿನೈದು ಗ್ರಾಂ ಚಿಲ್ಲರೆ ತೂಕದ ಗುಂಡು ಇರುತ್ತದೆ. ಸೆಕೆಂಡಿಗೆ 1,400 ಅಡಿ ಹತ್ತಿರದ ವೇಗ, ಸುಮಾರು 1,000 ಅಡಿ-ಪೌಂಡ್ ಶಕ್ತಿ. .454 ಕಸೂಲ್ ಹುಟ್ಟಿದ್ದು 1950ರ ದಶಕದ ಕೊನೆಯಲ್ಲಿ. ಆದರೆ ಅದಕ್ಕೆ ತಕ್ಕ ರಿವಾಲ್ವರ್ ಫ್ಯಾಕ್ಟರಿಯಿಂದ ಬಂದಿದ್ದು 1983ರಲ್ಲಿ, ವಯೋಮಿಂಗ್‌ನ ಫ್ರೀಡಂ ಆರ್ಮ್ಸ್‌ನಿಂದ. 300 ಗ್ರೇನ್ ಗುಂಡಿಗೆ 1,700 ಅಡಿ-ಪೌಂಡ್ ದಾಟುತ್ತದೆ. ನಿಮಗೆ ಅಂಗಡಿಯವರು ತೋರಿಸಿದ .500 ಸ್ಮಿತ್ ಆ್ಯಂಡ್ ವೆಸನ್ 2003ರದ್ದು. ಗುಂಡು ಅರ್ಧ ಇಂಚು ದಪ್ಪ, ಶಕ್ತಿ 2,500 ಅಡಿ-ಪೌಂಡ್ ಆಸುಪಾಸು. ನಿಮ್ಮ ಅಪ್ಪನ ಕೋವಿಯಲ್ಲಿ ಒಂಟಿ ಗುಂಡಿನ ತೋಟಾ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ. ಆದರೆ ಆ ಕೋವಿ ಮೂರು ಕೆಜಿ ತೂಗುತ್ತದೆ, ಹೆಗಲಿಗೆ ಒರಗುತ್ತದೆ. ಇದು ಉದ್ದ ನಳಿಗೆಯದ್ದಾದರೂ ಎರಡು ಕೆಜಿ, ಅದೂ ಎರಡು ಮಣಿಕಟ್ಟಿನ ಮೇಲೆ.

ಹೊಡೆದರೆ ಏನಾಗುತ್ತದೆ? .44ರಲ್ಲಿ ಈಡಿನ ಸದ್ದಿಗೆ ಮುಂಚೆ ಅಂಗೈಗೆ ಒಂದು ಗುದ್ದು, ನಳಿಗೆ ಮೇಲಕ್ಕೆ ಏಳುತ್ತದೆ, ಮತ್ತೆ ಗುರಿಗೆ ಇಳಿಸಬಹುದು. .500ರಲ್ಲಿ, ಕೊಡಲಿ ಕಲ್ಲಿಗೆ ಬಡಿದಾಗ ಕಾವು ಹಿಡಿದ ಕೈ ಜುಮ್ಮೆನ್ನುತ್ತದಲ್ಲ, ಹಾಗಾಯಿತು. ಜುಮ್ಮು ಮೊಣಕೈವರೆಗೂ ಹತ್ತಿತು. ಮುಂದಿನ ಈಡಿಗೆ ಕುದುರೆ ಎತ್ತುವಾಗಲೇ ಕಣ್ಣು ತಾನಾಗಿ ಮುಚ್ಚಿಕೊಳ್ಳಲು ನೋಡುತ್ತಿತ್ತು. ಪಕ್ಕದಲ್ಲಿ ಹೊಡೆಯುತ್ತಿದ್ದ ಗಟ್ಟಿಮುಟ್ಟಾದ ಹುಡುಗರ ಗುಂಡುಗಳೂ ಗುರಿಯ ಕೆಳಗೆ ನೆಲಕ್ಕೆ ಹೋಗುತ್ತಿದ್ದವು. ಬರಲಿರುವ ಗುದ್ದಿಗೆ ಹೆದರಿ ಕೈ ಮೊದಲೇ ಕೆಳಗೆ ಒತ್ತಿದರೆ ಹಾಗೆ ಆಗುತ್ತದೆ. ಈ ಹೆದರಿಕೆ ಒಮ್ಮೆ ಕೈಗೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ಹೊಸಬರು .500ರಿಂದ ಶುರು ಮಾಡಬಾರದು ಅನ್ನುವುದು ಇದಕ್ಕೇ.

ಕೈ ಹೆದರಿದರೆ ಗುಂಡು ತಪ್ಪುತ್ತದೆ, ಅಷ್ಟೇ ಅಲ್ಲ. ಪೂರ್ತಿ ತಪ್ಪಿದರೆ ಚಿಂತೆಯಿಲ್ಲ, ಪ್ರಾಣಿ ಓಡಿಹೋಗಿ ಬದುಕುತ್ತದೆ. ಅರೆಬರೆ ತಾಗಿದರೆ? ನಮ್ಮ ಕಡೆ ಹಿಂದೆ ಹಳು ಸೋವಿ, ಅಂದರೆ ಪೊದೆ ಬಡಿದು ಪ್ರಾಣಿ ಎಬ್ಬಿಸಿ, ಬೇಟೆಯಾಡುತ್ತಿದ್ದ ಕಾಲದ ಹಿರಿಯರು ಬಿಲ್ಲಿಗೆ, ಅಂದರೆ ಪ್ರಾಣಿ ಬರುವ ದಾರಿಯಲ್ಲಿ ಕೋವಿ ಹಿಡಿದು, ನಿಂತವನಿಗೆ ಮೊದಲು ಹೇಳುತ್ತಿದ್ದದ್ದು ಇದೇ: ನಿಚ್ಚಳವಾಗಿ ಕಾಣದಿದ್ದರೆ ಈಡು ಬಿಡಬೇಡ. ನಮ್ಮ ಗದ್ದೆ ಕೆಳಗಿನ ಹಳ್ಳದಲ್ಲಿ ಒಮ್ಮೆ ಯಾರೋ ಕದ್ದು ಹೊಡೆದಿದ್ದ ಹಂದಿ ಸಿಕ್ಕಿತ್ತು. ಹಿಂಗಾಲಿನ ಸಂದಿಗೆ ಚರೆ ಬಿದ್ದಿತ್ತು. ಗಾಯದ ತುಂಬ ಹುಳ. ಕೆಸರಿನಲ್ಲಿ ಹೊರಳಿ ಹೊರಳಿ ಗುಂಡಿ ಮಾಡಿಕೊಂಡು ಅದರಲ್ಲೇ ಮಲಗಿತ್ತು, ಉಸಿರು ಇನ್ನೂ ಇತ್ತು. ಅಂಥದ್ದನ್ನು ನೋಡಿದವರು ಕ್ಯಾಲಿಬರ್ ದೊಡ್ಡದಿದ್ದರೆ ಸಾಕು ಅನ್ನುವ ಮಾತು ಆಡುವುದಿಲ್ಲ. ಅರ್ಧ ಇಂಚಿನ ಗುಂಡೂ ಹೊಟ್ಟೆಗೆ ಬಿದ್ದರೆ ಪ್ರಾಣಿ ನರಳಿಯೇ ಸಾಯುತ್ತದೆ. .44ರ ಗುಂಡು ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಬಿದ್ದರೆ ಹಂದಿ ಜಾಸ್ತಿ ದೂರ ಹೋಗುವುದಿಲ್ಲ.

ಹಾಗಾದರೆ ಎಷ್ಟು ದೂರಕ್ಕೆ ಹೊಡೆಯಬಹುದು? ಇದಕ್ಕೆ ಅಲ್ಲಿನ ಬೇಟೆಗಾರರದ್ದು ಒಂದು ಒಳ್ಳೆಯ ಪದ್ಧತಿ ಇದೆ. ಆರಿಂಚು ಅಗಲದ ಪೇಪರ್ ತಟ್ಟೆ ನಿಲ್ಲಿಸಿ. 25 ಗಜದಿಂದ ಶುರು ಮಾಡಿ. ಬೆಂಚಿನ ಮೇಲೆ ಕೈ ಊರಿ ಅಲ್ಲ, ಕಾಡಿನಲ್ಲಿ ಹೇಗೆ ಕೂರುತ್ತೀರೋ ಹಾಗೆ, ಮಂಡಿಗೆ ಮೊಣಕೈ ಕೊಟ್ಟು ಅಥವಾ ಕವೆಗೋಲಿಗೆ ಕೈ ಒರಗಿಸಿ. ಎಲ್ಲ ಗುಂಡೂ ತಟ್ಟೆಯೊಳಗೇ ಬೀಳುತ್ತಿರುವಷ್ಟು ಹೊತ್ತು ಹಿಂದೆ ಹಿಂದೆ ಹೋಗಿ. ಒಂದು ಗುಂಡು ಹೊರಗೆ ಬಿದ್ದ ಜಾಗದಲ್ಲಿ ನಿಲ್ಲಿ. ಅಲ್ಲಿಂದ ಈಚೆಗೆ ನಿಮ್ಮ ಬೇಟೆ. ಬಹಳ ಜನರಿಗೆ ಅದು 50 ಗಜ. ಚೆನ್ನಾಗಿ ಪಳಗಿದವರು 100 ಗಜದವರೆಗೆ ಹೋಗುತ್ತಾರೆ. ಗೆಳೆಯ ಹೊಡೆದ ದೂರ ನಿಮ್ಮದಲ್ಲ.

ಯಾವ ಮಾಡೆಲ್ ಅಂತ ಕೇಳಿದರೆ, ರೂಗರ್ ಸೂಪರ್ ರೆಡ್‌ಹಾಕ್, ಏಳೂವರೆ ಇಂಚಿನದ್ದು. ಒಂದೂವರೆ ಕೆಜಿ ತೂಕ, ಆರು ಗುಂಡು. ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸಲು ಫ್ರೇಮಿನಲ್ಲೇ ಕಚ್ಚು ತೆಗೆದಿರುತ್ತಾರೆ, ರಿಂಗೂ ಜೊತೆಗೇ ಬರುತ್ತದೆ. ಸ್ಕೋಪ್ ಹಾಕಿದರೆ ಕೈಬಂದೂಕಿಗೆ ಅಂತಲೇ ಮಾಡಿದ್ದು ತಗೊಳ್ಳಿ. ರೈಫಲ್ ಸ್ಕೋಪನ್ನು ಕಣ್ಣಿನ ಹತ್ತಿರ ಹಿಡಿಯಬೇಕು, ಇದು ಕೈ ಚಾಚಿದಷ್ಟು ದೂರದಿಂದ ನೋಡುವಂಥದ್ದು. ರಿಪೇರಿ ಮಾಡುವವನಾಗಿ ಹೇಳುತ್ತೇನೆ, ಆ ಫ್ರೇಮಿನ ಗಟ್ಟಿತನ ನನಗೆ ತುಂಬ ಹಿಡಿಸಿತು. ಸ್ಮಿತ್ ಆ್ಯಂಡ್ ವೆಸನ್ 629 ಇನ್ನೂ ನಯ, ಟ್ರಿಗರ್ ಬೆಣ್ಣೆ. ಆದರೆ ಭಾರದ ತೋಟಾಗಳನ್ನು ವರ್ಷಾನುಗಟ್ಟಲೆ ಹೊಡೆಯುವುದಾದರೆ ನನ್ನ ಮನಸ್ಸು ರೂಗರ್ ಕಡೆಗೇ.

.44ರ ಇನ್ನೊಂದು ಅನುಕೂಲ ಇದೆ. ಅದರಲ್ಲಿ .44 ಸ್ಪೆಷಲ್ ಎಂಬ ಮೆತ್ತಗಿನ ತೋಟಾ ಹಾಕಿ ಹೊಡೆಯಬಹುದು. ಮೊದಲ ಕೆಲವು ತಿಂಗಳು ಅದರಲ್ಲೇ ಕಲಿಯಿರಿ. ಗಿಡ್ಡ ತೋಟಾ ಹೊಡೆದ ಮೇಲೆ ಸಿಲಿಂಡರಿನ ತೂತಿನೊಳಗೆ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಬ್ರಷ್ ಹಾಕಿ ತಿಕ್ಕದಿದ್ದರೆ ಮ್ಯಾಗ್ನಮ್ ತೋಟಾ ಕೂರುವುದಿಲ್ಲ. ಬೇಟೆಗೆ ಹೋಗುವಾಗ ಜಿಂಕೆಗೆ, ತಾಗಿದಾಗ ಮೂತಿ ಅರಳುವ ಗುಂಡು ಸಾಕು. ದೊಡ್ಡ ಗಂಡು ಹಂದಿಗೆ ಹೆಗಲ ಮೇಲೆ ಗಡುಸು ಗುರಾಣಿಯೇ ಇರುತ್ತದೆ, ನಮ್ಮ ಹಂದಿಗೂ ಹಾಗೇ ಅಲ್ವಾ? ಅದಕ್ಕೆ ಚಪ್ಪಟೆ ಮೂತಿಯ ಗಟ್ಟಿ ಸೀಸದ ಗುಂಡು ಒಳ್ಳೆಯದು, ಆಳಕ್ಕೆ ಹೋಗುತ್ತದೆ.

ಎಲ್ಕ್ ಬೇರೆ ಮಾತು. ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ. ಹತ್ತಿರದಿಂದ, ಒಳ್ಳೆಯ ಗುಂಡಿನಿಂದ .44 ಸಾಲುತ್ತದೆ, ಆದರೆ ಅಲ್ಲಿ .454ಗೆ ಬೆಲೆ ಇದೆ. ಹಂದಿ ಬೇಟೆ ಒಂದೆರಡು ಸೀಸನ್ ಆಗಲಿ, ಆಮೇಲೆ ಯೋಚಿಸಿ. ಮುಂದಿನ ವರ್ಷವೇ ಎಲ್ಕ್‌ಗೆ ಹೋಗುವುದಾದರೆ ಗೆಳೆಯನ ರೈಫಲ್ ಹಿಡಿದು ಹೋಗಿ, ಅದರಲ್ಲಿ ಏನೂ ಕಡಿಮೆಯಿಲ್ಲ. ರಿವಾಲ್ವರ್ ಬೇಟೆಗೆ ನಳಿಗೆಯ ಉದ್ದ, ಗುಂಡಿನ ಬಗೆ, ಶಕ್ತಿ ಎಲ್ಲಕ್ಕೂ ರಾಜ್ಯ ರಾಜ್ಯಕ್ಕೆ ಬೇರೆ ನಿಯಮ. ಆಯಾ ವರ್ಷದ ಪುಸ್ತಿಕೆ ಓದಿಯೇ ತೋಟಾ ಕೊಳ್ಳಿ.

ಇನ್ನೊಂದು ವಿಷಯ, ನಿಮ್ಮಂಥವರಿಗೆ ಅಂತಲೇ. ನೀವು ಜೋಡು ನಳಿಗೆ ಹಿಡಿದು ಬೆಳೆದವರು. ನಿಮ್ಮ ಎಡಗೈ ತಾನಾಗಿಯೇ ಮುಂದಕ್ಕೆ ಹೋಗಿ ನಳಿಗೆಯ ಕೆಳಗೆ ಕೂರುತ್ತದೆ. ರಿವಾಲ್ವರ್‌ನಲ್ಲಿ ಹಾಗೆ ಹಿಡಿದರೆ ಬೆರಳು ಹೋಗುತ್ತದೆ ಮಾರಾಯ್ರೆ. ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, ಇರಲೇಬೇಕು, ಇಲ್ಲದಿದ್ದರೆ ಸಿಲಿಂಡರ್ ತಿರುಗುವುದಿಲ್ಲ. ಈಡು ಹಾರಿದಾಗ ಸುಡುವ ಗಾಳಿ, ಉರಿಯದೆ ಉಳಿದ ಮದ್ದಿನ ಚೂರು ಎರಡೂ ಆ ಸಂದಿನಿಂದ ಪಕ್ಕಕ್ಕೆ ಚಿಮ್ಮುತ್ತವೆ. ರೇಂಜಿನವರು ಒಂದು ದಪ್ಪ ಕಾಗದವನ್ನು ಆ ಸಂದಿನ ಪಕ್ಕಕ್ಕೆ ಕ್ಲಿಪ್ ಹಾಕಿ ನಿಲ್ಲಿಸಿ ಹೊಡೆದು ತೋರಿಸಿದರು. ಕತ್ತಿಯಲ್ಲಿ ಸೀಳಿದ ಹಾಗೆ ಕಾಗದ ನೆಟ್ಟಗೆ ಎರಡಾಗಿತ್ತು, ಅಂಚೆಲ್ಲ ಕಪ್ಪು, ಸುತ್ತ ಸಾಸಿವೆ ಗಾತ್ರದ ತೂತುಗಳು. .460, .500 ಮ್ಯಾಗ್ನಮ್‌ಗಳಲ್ಲಿ ಬೆರಳಿಗೆ ಕೆಟ್ಟ ಗಾಯ ಮಾಡಿಕೊಂಡವರಿದ್ದಾರೆ. ಎರಡೂ ಕೈ ಹಿಡಿಯ ಮೇಲೇ ಇರಬೇಕು. ಖಾಲಿ ರಿವಾಲ್ವರ್ ಹಿಡಿದು ಮನೆಯಲ್ಲಿ ಇದನ್ನೇ ಅಭ್ಯಾಸ ಮಾಡಿ, ಎಡಗೈ ಹಳೆಯ ರೂಢಿ ಮರೆಯುವವರೆಗೂ.

ಕಿವಿಗೆ ಒಳಗೆ ಬಿರಡೆ, ಮೇಲೆ ಮಫ್. ಎರಡೂ ಬೇಕು. ನಮ್ಮ ಅಂಗಡಿಗೆ ಬರುವ ಹಳೆಯ ಕೋವಿಕಾರರಲ್ಲಿ ಬಹಳ ಜನಕ್ಕೆ ಒಂದು ಕಿವಿ ಮಂದ. ರಿವಾಲ್ವರ್ ಸದ್ದು ಕೋವಿಗಿಂತ ಹರಿತ.

ಊರಿಗೆ ಬರುವಾಗ ಅದನ್ನು ತರುವ ಯೋಚನೆ ಬೇಡ. ಇಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಯ ಮಾತು ಮುಗಿದಿದೆ. ಅದು ಸರಿಯಾಗಿಯೇ ಇದೆ. ನಮ್ಮ ಕಾಡು ಉಳಿದಿರುವುದೇ ಅಷ್ಟು.

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಅಡಿಕೆ ತೋಟ, ಗದ್ದೆ ಎರಡಕ್ಕೂ ಹಂದಿ ನುಗ್ಗುತ್ತವೆ. ರಾತ್ರಿ ಕಾವಲಿಗೆ ಉದ್ದ ಕೋವಿ ಹೊತ್ತು ತಿರುಗುವುದು ಕಷ್ಟ. ಬೆಳೆ ರಕ್ಷಣೆಗೆ ರಿವಾಲ್ವರ್ ಲೈಸೆನ್ಸ್ ಕೇಳಬಹುದೇ?

ಉತ್ತರ: ಕೇಳಿದರೂ ಸಿಗುವುದಿಲ್ಲ. 1959ರ ಆಯುಧ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಅಂತ ಹೆಸರಿಸಿರುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ, ಅಂದರೆ ನಮ್ಮ ಕೇಪಿನ ಕೋವಿಯಂಥದ್ದು. ಲೈಸೆನ್ಸ್ ಇದೆ ಅಂತ ಹಂದಿ ಹೊಡೆಯಬಹುದು ಅಂದುಕೊಳ್ಳಬೇಡಿ. ಹಂದಿಗೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೊಡೆದರೆ ಕೇಸು. ಬೆಳೆ ಹಾಳಾದ ದಿನವೇ ಫೋಟೋ ತೆಗೆದು, ಪಹಣಿ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ತಡ ಮಾಡಿದಷ್ಟೂ ಸಾಬೀತು ಮಾಡುವುದು ಕಷ್ಟ.

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಹಳೆಯ ಮನೆ ಬಿಚ್ಚುವಾಗ ಅಟ್ಟದಲ್ಲಿ ಗಿಡ್ಡ ಜೋಡು ನಳಿಗೆಯ ದಪ್ಪ ಪಿಸ್ತೂಲೊಂದು ಸಿಕ್ಕಿದೆ. ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು. ಏನಿರಬಹುದು?

ಉತ್ತರ: ನೋಡದೆ ಖಚಿತವಾಗಿ ಹೇಳಲಾರೆ. ನೀವು ಹೇಳಿದ ರೂಪ ಹೌಡಾ ಪಿಸ್ತೂಲಿಗೆ ಹೊಂದುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಆನೆಯ ಅಂಬಾರಿ ಮೇಲೆ ಕೂತು ಹುಲಿ ಬೇಟೆಗೆ ಹೋಗುತ್ತಿದ್ದ ಬ್ರಿಟಿಷರು ಇಟ್ಟುಕೊಳ್ಳುತ್ತಿದ್ದ ಆಯುಧ ಅದು. ಗಾಯದ ಹುಲಿ ಆನೆಯ ಮೈಮೇಲೆ ಹತ್ತಿಬಂದರೆ ಕೈಯಳತೆಯಲ್ಲಿ ಹೊಡೆಯಲು ಅಷ್ಟು ದಪ್ಪದ ಗುಂಡು. ಮೇಲಿನ ಪ್ರಶ್ನೆಯ ದೊಡ್ಡ ರಿವಾಲ್ವರ್‌ಗಳಿಗೆ ಒಂದು ರೀತಿಯಲ್ಲಿ ಅಜ್ಜ.

ದಯವಿಟ್ಟು ಅದರ ಕುದುರೆ ಎತ್ತಿ ನೋಡಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಫೋಟೋಕ್ಕೆ ಹಿಡಿದು ನಿಲ್ಲಬೇಡಿ. ಹಳೆಯ ಕರಿಮದ್ದು ಒಣಗಿದ ಜಾಗದಲ್ಲಿ ಎಷ್ಟೋ ದಶಕ ಕಳೆದರೂ ಹತ್ತಿಕೊಳ್ಳುತ್ತದೆ. ಒಳಗೆ ಈಡು ತುಂಬಿಯೇ ಅಟ್ಟಕ್ಕೆ ಹಾಕಿದ್ದರೆ ಅದು ಇನ್ನೂ ಜೀವಂತ. ಇದ್ದಲ್ಲೇ ಬಿಟ್ಟು, ಊರಿನ ಠಾಣೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ತಗೊಳ್ಳಿ. ನೀವೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬೇಡಿ. ದಾರಿಯಲ್ಲಿ ಯಾರಾದರೂ ತಪಾಸಣೆ ಮಾಡಿದರೆ ಅಟ್ಟದಲ್ಲಿ ಸಿಕ್ಕಿದ್ದು ಅಂತ ನಂಬಿಸುವುದು ಕಷ್ಟ. ಅಜ್ಜನ ಹೆಸರಿನ ಹಳೆಯ ಲೈಸೆನ್ಸ್ ಪುಸ್ತಕ ಏನಾದರೂ ಅದೇ ಅಟ್ಟದ ಪೆಟ್ಟಿಗೆಯಲ್ಲಿ ಇದೆಯೋ ಹುಡುಕಿ, ಸಿಕ್ಕರೆ ಅರ್ಜಿಯ ಜೊತೆ ಅದರ ನಕಲನ್ನೂ ಇಡಿ.