ಬಾಗಿಲ ಆಚೆ ಮಗು ಅಳುತ್ತಿದ್ದರೆ

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ. ಆಟಿಸಂ ಅಂತ ಗೊತ್ತಾಗಿ ಒಂದು ವರ್ಷವಾಯಿತು. ಐದು ತಿಂಗಳಿಂದ ಒಂದು ಸೆಂಟರ್‌ನಲ್ಲಿ ಎ.ಬಿ.ಎ. ಅನ್ನುವ, ನಡವಳಿಕೆ ಕಲಿಸುವ ಥೆರಪಿ ಕೊಡಿಸುತ್ತಿದ್ದೇವೆ. ತಿಂಡಿ ಕೊಡದೆ ಕಳಿಸಿ, ಹಸಿವಾದರೆ ಚಿಪ್ಸ್ ಆಸೆಗೆ ಹೇಳಿದ್ದು ಕೇಳುತ್ತಾನೆ ಎನ್ನುತ್ತಾರೆ. ನಮ್ಮನ್ನು ಒಳಗೆ ಬಿಡುವುದಿಲ್ಲ. ಅವನು ಕೈ ಬಡಿದರೆ ಇಬ್ಬರು ಸೇರಿ ಕೈಗಳನ್ನು ಮೇಜಿಗೆ ಒತ್ತಿ ಹಿಡಿಯುತ್ತಾರಂತೆ, ಅಲ್ಲಿಯ ಆಯಾ ಹೇಳಿದಳು. ಈಗ ಸೆಂಟರ್‌ಗೆ ಒಯ್ಯುವ ನೀಲಿ ಬ್ಯಾಗ್ ಕಂಡರೆ ಸಾಕು, ಮಂಚದ ಕೆಳಗೆ ಹೋಗಿ ಮಂಚದ ಕಾಲು ತಬ್ಬಿಕೊಳ್ಳುತ್ತಾನೆ. ವಾರಕ್ಕೆ 40 ಗಂಟೆ ಮಾಡಿಸಿದರೆ ಶಾಲೆಗೆ ಸೇರುವಷ್ಟರಲ್ಲಿ ನಾರ್ಮಲ್ ಆಗುತ್ತಾನೆ, ಗ್ಯಾರಂಟಿ ಅಂದಿದ್ದಾರೆ. ಮಧ್ಯದಲ್ಲಿ ಬಿಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂತಾರೆ ನಮ್ಮ ಯಜಮಾನರು. ನಿಲ್ಲಿಸಿದರೆ ಮಗನಿಗೆ ಅನ್ಯಾಯ ಮಾಡಿದ ಹಾಗಾಗುತ್ತದಾ ಮೇಡಂ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನಾಳೆ ಬೆಳಿಗ್ಗೆ ಮೊದಲು ಮಗನಿಗೆ ಹೊಟ್ಟೆ ತುಂಬ ತಿಂಡಿ ಕೊಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಎ.ಬಿ.ಎ.ಯಲ್ಲಿ ಮಗು ಒಂದು ಕೆಲಸ ಮಾಡಿದಾಗ ಅದಕ್ಕೆ ಇಷ್ಟವಾದದ್ದು ಸಿಗುವ ಹಾಗೆ ಮಾಡುತ್ತಾರೆ. ಆಗ ಆ ಕೆಲಸವನ್ನು ಮತ್ತೆ ಮಾಡುತ್ತದೆ. ಅದು ಚಿಪ್ಸೇ ಆಗಬೇಕಿಲ್ಲ. ಸೋಪಿನ ಗುಳ್ಳೆ, ಉಯ್ಯಾಲೆ, ಇಷ್ಟದ ಹಾಡು ಏನು ಬೇಕಾದರೂ ಆಗಬಹುದು. ಆದರೆ ತಿಂಡಿ, ನೀರು, ಶೌಚಾಲಯ, ಅಮ್ಮನ ಮಡಿಲು ಮಗುವಿನ ಹಕ್ಕು. ಅವನ್ನು ತಡೆದು ಇಟ್ಟುಕೊಂಡು ಕಲಿಸುವುದಕ್ಕೆ ಥೆರಪಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾಲ್ಕೂವರೆ ವರ್ಷದ ಮಗುವನ್ನು ಉಪವಾಸ ಕೆಡವುವುದು ಅಂದರೆ ಏನು ಹೇಳಿ!

ಇನ್ನು ಕೈ ಬಡಿಯುವುದು. ಖುಷಿಯಾದಾಗ, ಗಾಬರಿಯಾದಾಗ, ಸದ್ದು ಜಾಸ್ತಿಯಾದಾಗ ಎಷ್ಟೋ ಆಟಿಸಂ ಮಕ್ಕಳು ಹಾಗೆ ಮಾಡುತ್ತಾರೆ. ಅದರಿಂದ ಮೈಮನಸ್ಸು ಹತೋಟಿಗೆ ಬರುತ್ತದೆ. ಚಿಕ್ಕಂದಿನಲ್ಲಿ ಕೈ ಒತ್ತಿ ಹಿಡಿಸಿಕೊಂಡವರು ದೊಡ್ಡವರಾದ ಮೇಲೆ ಅದನ್ನೇ ಬರೆದಿದ್ದಾರೆ, ನಮ್ಮನ್ನು ಸಮಾಧಾನ ಮಾಡುತ್ತಿದ್ದದ್ದನ್ನೇ ನಮ್ಮಿಂದ ಕಿತ್ತುಕೊಂಡರು ಅಂತ. ಕೈ ಬಡಿದರೆ ಯಾರಿಗೆ ನೋವು? ತಲೆ ಗೋಡೆಗೆ ಚಚ್ಚಿಕೊಂಡರೆ ತಡೆಯಲೇಬೇಕು. ಅಲ್ಲೂ ಮೊದಲು ಯಾಕೆ ಅಂತ ನೋಡಬೇಕು. ಚಚ್ಚಿಕೊಳ್ಳುವ ಮುಂಚೆ ಏನಾಯಿತು, ಆಮೇಲೆ ಏನು ಸಿಕ್ಕಿತು ಅಂತ ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಎರಡು ವಾರದಲ್ಲಿ ಕಾರಣ ಕಣ್ಣಿಗೆ ಬೀಳುವುದುಂಟು. ಕಿವಿ ನೋವಿನಿಂದ ತಲೆ ಚಚ್ಚಿಕೊಂಡ ಮಕ್ಕಳನ್ನು ನಾನೇ ನೋಡಿದ್ದೇನೆ.

ಒಂದು ವಿಷಯ ಹೇಳಲೇಬೇಕು. ಇಪ್ಪತ್ತಮೂರು ವರ್ಷದ ಹಿಂದೆ ನಾನು ಈ ಥೆರಪಿ ಕೆಲಸಕ್ಕೆ ಸೇರಿದಾಗ ‘ನನ್ನನ್ನು ನೋಡು’ ಅನ್ನುವುದೇ ಮೊದಲ ಪಾಠ. ಮಗು ಕಣ್ಣಿಗೆ ಕಣ್ಣು ಕೊಡದಿದ್ದರೆ ಗಲ್ಲ ಹಿಡಿದು ತಿರುಗಿಸಬೇಕು. ನಾನೂ ತಿರುಗಿಸಿದ್ದೇನೆ. ಮೂರು ವರ್ಷದ ಒಬ್ಬ ಹುಡುಗನ ಗಲ್ಲ ಹಿಡಿದಿದ್ದೆ. ಮುಖ ನನ್ನ ಕಡೆ ಇತ್ತು. ಕಣ್ಣನ್ನು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿದ್ದ. ರೆಪ್ಪೆಯ ಸಂದಿಯಿಂದ ನೀರು ಇಳಿದು ನನ್ನ ಹೆಬ್ಬೆರಳಿಗೆ ತಾಗಿತು. ಚಾರ್ಟಿನಲ್ಲಿ ಅವತ್ತು ‘ಸಹಕಾರ ಇಲ್ಲ’ ಅಂತ ಬರೆದೆ. ಆ ಎರಡು ಪದ ಈಗಲೂ ನನ್ನನ್ನು ಚುಚ್ಚುತ್ತವೆ. ಆ ಮಗು ಮಾತು ಬಾರದಿದ್ದರೂ ‘ಬೇಡ’ ಅಂತ ಸ್ಪಷ್ಟವಾಗಿ ಹೇಳಿತ್ತು. ಕೇಳಿಸಿಕೊಳ್ಳದವಳು ನಾನು.

ನಿಮ್ಮ ಮಗ ಮಂಚದ ಕಾಲು ತಬ್ಬಿಕೊಂಡು ಹೇಳುತ್ತಿರುವುದೂ ಅದನ್ನೇ.

ಈಗ ನನ್ನ ಹತ್ತಿರ ಬರುವ ಮಗುವಿಗೆ ಮೊದಲು ‘ಸಾಕು’ ಅನ್ನುವುದನ್ನು ಕಲಿಸುತ್ತೇನೆ. ಮಾತಿದ್ದರೆ ಮಾತಿನಲ್ಲಿ, ಇಲ್ಲದಿದ್ದರೆ ಒಂದು ಕೆಂಪು ಕಾರ್ಡ್. ಕಳೆದ ವರ್ಷ ಬಂದ ಒಬ್ಬ ಪುಟ್ಟಿ ಮೊದಲ ದಿನ ಎರಡೆರಡು ನಿಮಿಷಕ್ಕೆ ಕಾರ್ಡ್ ನನ್ನ ಕೈಗೆ ತುರುಕಿದಳು. ಪ್ರತಿ ಸಲವೂ ನಿಲ್ಲಿಸಿದೆ. ಹೊರಗೆ ಕೂತಿದ್ದ ಅವಳ ಅಜ್ಜಿಗೆ ಸಿಟ್ಟು, ದುಡ್ಡು ಕೊಟ್ಟು ಸುಮ್ನೆ ಕೂರಿಸೋದಾ ಅಂತ. ನಾಲ್ಕನೇ ವಾರ ಅವಳು ಕಾರ್ಡನ್ನು ಮೇಜಿನ ಅಂಚಿಗೆ ತಳ್ಳಿ ಮಣಿ ಪೋಣಿಸಲು ಕೂತಳು. ಸಾಕು ಅಂದರೆ ನಿಲ್ಲಿಸುತ್ತಾರೆ ಅಂತ ನಂಬಿಕೆ ಬಂದಿತ್ತು, ಅಷ್ಟೇ.

ಆ 40 ಗಂಟೆಯ ಲೆಕ್ಕ ಎಲ್ಲಿಂದ ಬಂತು ಅಂತ ನಿಮ್ಮ ಯಜಮಾನರಿಗೂ ಹೇಳಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಐವರ್ ಲೋವಾಸ್ ಅನ್ನುವ ಪ್ರೊಫೆಸರ್ 1987ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 19 ಪುಟ್ಟ ಮಕ್ಕಳಿಗೆ ವಾರಕ್ಕೆ 40 ಗಂಟೆ ತರಬೇತಿ ಕೊಟ್ಟರು, 9 ಮಕ್ಕಳು ಮಾಮೂಲಿ ಶಾಲೆಯಲ್ಲಿ ಕಲಿಯುವಂತಾದರು ಎಂದು ವರದಿ. ಆ ತರಬೇತಿಯಲ್ಲಿ ಜೋರಾಗಿ ಗದರುವುದು, ಆಗೊಮ್ಮೆ ಈಗೊಮ್ಮೆ ತೊಡೆಗೆ ಹೊಡೆಯುವುದೂ ಸೇರಿತ್ತು. ಲೋವಾಸರ ಲೆಕ್ಕದಲ್ಲೇ ಉಳಿದ 10 ಮಕ್ಕಳು ಹಾಗಾಗಲಿಲ್ಲ. ಅಂದ ಮೇಲೆ ಇಲ್ಲಿ ಗ್ಯಾರಂಟಿ ಎಲ್ಲಿಂದ ಬರಬೇಕು? ಗ್ಯಾರಂಟಿ ಕೊಡುವವರನ್ನು ದಯವಿಟ್ಟು ನಂಬಬೇಡಿ. ಎ.ಬಿ.ಎ. ಹುಟ್ಟಿದ ಆ ದೇಶದಲ್ಲೇ ಈ ಕ್ಷೇತ್ರದವರಿಗೆ 2022ರಿಂದ ಹೊಸ ನೀತಿ ಸಂಹಿತೆ ಜಾರಿಯಲ್ಲಿದೆ. ತಂದೆತಾಯಿಯ ಒಪ್ಪಿಗೆಯ ಜೊತೆಗೆ, ಸಾಧ್ಯವಿರುವ ಕಡೆ ಮಗುವಿನ ಒಪ್ಪಿಗೆಯನ್ನೂ ಪಡೆಯಬೇಕು ಅನ್ನುತ್ತದೆ ಅದು. ಮೃದುವಾದ ದಾರಿಗಳಿಂದ ಆಗಲಿಲ್ಲ ಅಂತ ತೋರಿಸದೆ ಸಾಮಾನ್ಯವಾಗಿ ಶಿಕ್ಷೆಯ ದಾರಿಗೆ ಹೋಗುವಂತಿಲ್ಲ.

ನಮ್ಮಲ್ಲಿ ನಿಮ್ಮ ಬೆನ್ನಿಗೆ ಕಾನೂನಿದೆ. 1992ರ ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಸ್ಪೀಚ್ ಥೆರಪಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್.ಸಿ.ಐ.ನಲ್ಲಿ ನೋಂದಣಿ ಮಾಡಿಸಿರಬೇಕು. ಅವರ ಸಿ.ಆರ್.ಆರ್. ನಂಬರ್, ಅಂದರೆ ಆ ನೋಂದಣಿಯ ನಂಬರ್ ಕೇಳಿ. ಗೋಡೆಯ ಮೇಲಿನ ಸರ್ಟಿಫಿಕೇಟ್ ಯಾರದು, ನಿಮ್ಮ ಮಗನ ಜೊತೆ ದಿನಾ ಕೂರುವವರು ಯಾರು ಅಂತಲೂ ಕೇಳಿ. ಎಷ್ಟೋ ಕಡೆ ಅವೆರಡೂ ಬೇರೆ ಬೇರೆ. ಇನ್ನು, ತಮ್ಮ ಸುಪರ್ದಿಯಲ್ಲಿರುವ ಮಗುವಿಗೆ ಹೊಡೆದು ಬಡಿದು ನೋವು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯವರೇ ಮಾಡಿದರೆ ಶಿಕ್ಷೆ ಇನ್ನೂ ಜಾಸ್ತಿ, 5 ವರ್ಷದವರೆಗೆ. ಮೈಮೇಲೆ ಗುರುತು ಕಂಡರೆ ಫೋಟೊ ತೆಗೆದು, ಡಾಕ್ಟರಿಗೆ ತೋರಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಒಂದು ಸಲ ಸೆಂಟರ್‌ಗೆ ಹೋಗಿ, ‘ಇವತ್ತು ಒಳಗೆ ಕೂತು ನೋಡುತ್ತೇನೆ’ ಅನ್ನಿ. ಅಮ್ಮ ಎದುರಿಗಿದ್ದರೆ ಕೆಲವು ಮಕ್ಕಳು ಕಲಿಯಲು ಕೂರುವುದಿಲ್ಲ ಅನ್ನುವುದು ನಿಜ. ಹಾಗಿದ್ದರೆ ಗಾಜಿನ ಕಿಟಕಿಯೋ ಕ್ಯಾಮೆರಾನೋ ಇರಲಿ, ಬೇರೆ ಕೋಣೆಯಿಂದ ನೋಡಬಹುದು. ಯಾವ ದಾರಿಗೂ ಒಪ್ಪದಿದ್ದರೆ ಅವತ್ತೇ ಮಗನನ್ನು ಎತ್ತಿಕೊಂಡು ಬನ್ನಿ. ಬರೆದ ಪ್ಲಾನ್ ಕೇಳಿ: ಏನು ಕಲಿಸುತ್ತಿದ್ದಾರೆ, ಯಾಕೆ, ಮಗು ಬೇಡ ಅಂದರೆ ಏನು ಮಾಡುತ್ತಾರೆ. ಈ ಕೊನೆಯದಕ್ಕೆ ಅವರು ಏನು ಹೇಳುತ್ತಾರೆ ಅನ್ನುವುದನ್ನು ಗಮನವಿಟ್ಟು ಕೇಳಿಸಿಕೊಳ್ಳಿ.

ಯಜಮಾನರನ್ನೂ ಕರೆದುಕೊಂಡು ಹೋಗಿ. ಅವರು ಆಫೀಸಿಗೆ ಹೊರಟ ಮೇಲೆ ನೀಲಿ ಬ್ಯಾಗ್ ಹೊರಗೆ ಬರುತ್ತದೆ, ಅಲ್ವಾ? ಮಂಚದ ಕೆಳಗಿನ ಮಗನನ್ನು ಅವರು ಒಂದು ದಿನವಾದರೂ ನೋಡಲಿ.

ನಿಲ್ಲಿಸಿದರೆ ಅನ್ಯಾಯವಲ್ಲ ತಾಯಿ. ಈ ಸೆಂಟರ್ ಬಿಟ್ಟ ಮಾತ್ರಕ್ಕೆ ಕಲಿಕೆ ಬಿಟ್ಟ ಹಾಗಲ್ಲ. ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಡಿ.ಇ.ಐ.ಸಿ. ಅನ್ನುವ ವಿಭಾಗವಿದೆ, ಮೊದಲು ಅಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಏನು ಮಾಡಬಹುದು ಅಂತ ಕೇಳಿಕೊಂಡು ಬನ್ನಿ. ಅಲ್ಲಿಯವರೆಗೆ ಎರಡು ವಾರ ಅವನ ಪಕ್ಕ ನೆಲದ ಮೇಲೆ ಕೂತು ಅವನ ಆಟವನ್ನೇ ಆಡಿ. ಮುಚ್ಚಳ ಜೋಡಿಸಿದರೆ ನೀವೂ ಒಂದು ಜೋಡಿಸಿ.

ಆ ನೀಲಿ ಬ್ಯಾಗನ್ನು ಅಟ್ಟಕ್ಕೆ ಹಾಕಿಬಿಡಿ. ಹೊಸ ಜಾಗಕ್ಕೆ ಹೊಸ ಬ್ಯಾಗ್ ಇರಲಿ, ಬಣ್ಣ ಅವನೇ ಆರಿಸಲಿ.

ಪ್ರಶ್ನೆ: ಮೊಮ್ಮಗಳು ಹೋಗುವ ಥೆರಪಿ ಕೇಂದ್ರದವರು ಅವಳು ಹಟ ಮಾಡಿ ಅಳುವ, ಆಮೇಲೆ ಸುಮ್ಮನಾಗುವ ವಿಡಿಯೊ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದಾರೆ. ಸೇರಿಸುವಾಗ ಯಾವುದೋ ಫಾರಂಗೆ ಸಹಿ ಹಾಕಿದ್ದೆವು. ಈಗ ತೆಗೆಸಬಹುದೇ?
– ಒಬ್ಬ ಅಜ್ಜ, ಹಾಸನ

ಉತ್ತರ: ಖಂಡಿತ ಕೇಳಬಹುದು. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಬಹುದು. ನಿಮ್ಮ ಮಗ ಸೊಸೆಯ ಸಹಿಯಿರುವ ಪತ್ರ ಕೊಟ್ಟು, ಅದರ ಒಂದು ಪ್ರತಿಯ ಮೇಲೆ ಕೇಂದ್ರದ ಸೀಲು, ತಾರೀಖು ಹಾಕಿಸಿಕೊಳ್ಳಿ. ಚಿಕಿತ್ಸೆಗೆ ಒಪ್ಪಿಗೆ ಬೇರೆ, ಜಾಹೀರಾತಿಗೆ ಬೇರೆ. ಎರಡನ್ನೂ ಒಂದೇ ಫಾರಂನಲ್ಲಿ ಸೇರಿಸಿದ್ದೇ ತಪ್ಪು. ಮಗು ಅಳುವ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದವರ ಕೈ ಆ ಮಗುವಿನ ಹೆಗಲ ಮೇಲೆ ಇರಬೇಕಿತ್ತು. ಒಂದು ವಾರ ಬಿಟ್ಟು ಬೇರೆಯವರ ಫೋನಿನಿಂದ ನೋಡಿ, ವಿಡಿಯೊ ನಿಜವಾಗಿ ಹೋಗಿದೆಯಾ ಅಂತ. ಯೂಟ್ಯೂಬ್, ಫೇಸ್‌ಬುಕ್ಕಿನಲ್ಲೂ ಹಾಕಿರುತ್ತಾರೆ, ಅಲ್ಲೂ ಹುಡುಕಿ.